ಕಡಲ ತಡಿಯ ಆರೈಕೆ

ಮನುಷ್ಯನು ಹಣ ಕೊಟ್ಟು ಕೊಳ್ಳುವ ವಸ್ತುಗಳ ಪಟ್ಟಿಗೆ ವಿಶ್ರಾಂತಿಯೂ ಸೇರಿ ಬಹಳ ಕಾಲವಾಯಿತು. ಅಕ್ಕಿಬೇಳೆಗಳಿಗೆ ಇರುವಂತೆ ಅದಕ್ಕೂ ಧಾರಣೆಯುಂಟು. ಜವಳಿಗೆ ಇರುವಂತೆ ಅದರಲ್ಲಿಯೂ ದರ್ಜೆಗಳುಂಟು. ಆ ದರ್ಜೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಬಯಸುವವರು ಕಡಲ ತಡಿಯ ‘ಸ್ಪಾ’ ವಿಹಾರಧಾಮಗಳಿಗೆ ಹೋಗುತ್ತಾರೆ.

ಅಂಥ ಸ್ಥಳಕ್ಕೆ ಕಾಲಿಟ್ಟ ಅತಿಥಿಗೆ ಮೊದಲು ದೊರೆಯುವುದು ತಂಪು ಪಾನೀಯ. ಅನಂತರ ಒಂದು ಪ್ರಶ್ನಾವಳಿ ಕೈಗೆ ಬರುತ್ತದೆ. ನಿದ್ರೆ ಸರಿಯಾಗಿ ಬರುವುದೆ? ಕೀಲುನೋವು ಉಂಟೆ? ರಕ್ತದೊತ್ತಡವಿದೆಯೆ? ಉತ್ತರಗಳನ್ನು ನೋಡಿಕೊಂಡು ದಿನಚರಿಯನ್ನು ಗೊತ್ತುಮಾಡುತ್ತಾರೆ. ಬೆಳಿಗ್ಗೆ ಯೋಗಾಸನ, ಆಮೇಲೆ ಎಣ್ಣೆ ನೀವಿಸಿಕೊಳ್ಳುವುದು, ಬಳಿಕ ಹಬೆಯ ಸ್ನಾನ, ಮಧ್ಯಾಹ್ನ ಮಿತಾಹಾರ, ಇಳಿಹೊತ್ತಿನಲ್ಲಿ ಮರಳಿನ ಮೇಲೆ ನಡಿಗೆ. ತೋಟ ಕಾಣುವ ಕೋಣೆಗೆ ಒಂದು ಬಾಡಿಗೆಯಾದರೆ, ಕಡಲು ಕಾಣುವ ಕೋಣೆಗೆ ಅದಕ್ಕಿಂತ ಹೆಚ್ಚಿನ ಬಾಡಿಗೆ. ಒಟ್ಟು ಮೊತ್ತವನ್ನು ಕೇಳಿದ ಗೃಹಿಣಿಯು ಮನಸ್ಸಿನಲ್ಲಿಯೇ ಅದನ್ನು ತಿಂಗಳ ಸಾಮಾನಿನ ಚೀಟಿಯೊಡನೆ ಹೋಲಿಸಿ ನೋಡಿ, “ಇಷ್ಟು ದುಡ್ಡಿಗೆ ಅಲ್ಲಿ ಕೊಡುವುದಾದರೂ ಏನನ್ನು?” ಎಂದು ಕೇಳುವುದು ಸಹಜ.

ಪ್ರಶ್ನೆ ನ್ಯಾಯವಾದುದು. ಅಲ್ಲಿ ಮಾರಾಟವಾಗುವುದು ಉಪ್ಪುನೀರೋ, ಗಾಳಿಯೋ, ಎಣ್ಣೆಯೋ? ಇವೆಲ್ಲವೂ ಕಡಮೆ ಬೆಲೆಗೆ, ಕೆಲವಂತೂ ಬೆಲೆಯಿಲ್ಲದೆಯೇ ದೊರೆಯುವಂಥವು. ಉತ್ತರಕ್ಕಾಗಿ ಈ ಸಂಪ್ರದಾಯದ ಹುಟ್ಟಿನವರೆಗೆ ಹೋಗಿಬರಬೇಕಾಗುತ್ತದೆ. ಆ ದಾರಿಯಲ್ಲಿ ಭಾರತೀಯನೊಬ್ಬನ ವಿಸ್ಮಯಕರವಾದ ಜೀವನಕಥೆಯೂ ಎದುರಾಗುತ್ತದೆ.

‘ಸ್ಪಾ’ ಎಂಬುದು ಮೂಲತಃ ಒಂದು ಊರಿನ ಹೆಸರು. ಬೆಲ್ಜಿಯಂ ದೇಶದ ಪೂರ್ವಭಾಗದಲ್ಲಿರುವ ಆ ಊರಿನಲ್ಲಿ ಕಬ್ಬಿಣದ ಅಂಶವುಳ್ಳ ಚಿಲುಮೆಗಳಿವೆ. ಅವುಗಳ ನೀರನ್ನು ಕುಡಿದರೆ ಕಾಯಿಲೆ ವಾಸಿಯಾಗುವುದೆಂದು ಯೂರೋಪಿನ ಸಿರಿವಂತರು ಶತಮಾನಗಳ ಕಾಲ ಅಲ್ಲಿಗೆ ಯಾತ್ರೆ ಹೋದರು. ಕ್ರಮೇಣ ಊರಿನ ಹೆಸರೇ ಅಂಥ ಸ್ಥಳಗಳಿಗೆಲ್ಲ ಸಾಮಾನ್ಯನಾಮವಾಯಿತು. 2021ರಲ್ಲಿ ಯುನೆಸ್ಕೊ ಸಂಸ್ಥೆಯು ಯೂರೋಪಿನ ಇಂಥ 11 ಊರುಗಳನ್ನು ಆರಿಸಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪಾ ಅವುಗಳಲ್ಲೊಂದು, ಇಂಗ್ಲೆಂಡಿನ ಬಾತ್ ಇನ್ನೊಂದು. ಸ್ವಾರಸ್ಯವೆಂದರೆ, ಆ ಹನ್ನೊಂದು ಊರುಗಳಲ್ಲಿ ಒಂದೂ ಕಡಲ ದಡದಲ್ಲಿಲ್ಲ. ಎಲ್ಲವೂ ಒಳನಾಡಿನ ಚಿಲುಮೆಗಳ ಊರುಗಳೇ.

ಹಾಗಾದರೆ ಒಳನಾಡಿನ ಸ್ಪಾ ಕಡಲ ತಡಿಗೆ ಬಂದುದು ಹೇಗೆ? ಹದಿನೆಂಟನೆಯ ಶತಮಾನದ ನಡುಭಾಗದವರೆಗೂ ಇಂಗ್ಲೆಂಡಿನ ಬಹುಪಾಲು ಶ್ರೀಮಂತರಿಗೆ ಕಡಲೆಂದರೆ ವಿಹಾರಸ್ಥಾನವಾಗಿರಲಿಲ್ಲ. ಅದು ಮೀನುಗಾರರ ದುಡಿಮೆಯ ಹೊಲ, ಹಡಗುಗಳ ದಾರಿ, ಬಿರುಗಾಳಿಯ ಮನೆ. ಈ ಭಾವನೆಯನ್ನು ಬದಲಾಯಿಸಿದವರಲ್ಲಿ ಮುಖ್ಯರಾದವರು ರಿಚರ್ಡ್ ರಸೆಲ್ ಎಂಬ ವೈದ್ಯರು. ಸಮುದ್ರಸ್ನಾನವನ್ನು ಹೊಗಳಿದವರಲ್ಲಿ ಅವರೇ ಮೊದಲಿಗರಲ್ಲ. ಆದರೆ ಅದನ್ನು ಶ್ರೀಮಂತರ ರೂಢಿಯನ್ನಾಗಿ ಮಾಡಿದ ಕೀರ್ತಿಯಲ್ಲಿ ಅವರ ಪಾಲು ದೊಡ್ಡದು. ಗ್ರಂಥಿಗಳ ರೋಗಗಳಿಗೆ ಸಮುದ್ರದ ನೀರೇ ಮದ್ದೆಂದು ಪ್ರತಿಪಾದಿಸುವ ಪ್ರಬಂಧವೊಂದನ್ನು ಅವರು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದರು. ಅದು ಇಂಗ್ಲಿಷಿಗೂ ಬಂದು ಬಲುಬೇಗ ಜನಪ್ರಿಯವಾಯಿತು. ಕೆಲವು ವರ್ಷಗಳಲ್ಲಿಯೇ ಅವರು ದಕ್ಷಿಣ ತೀರದ ಬಡ ಮೀನುಗಾರರ ಊರೊಂದಕ್ಕೆ ಬಂದು, ತಮಗೂ ರೋಗಿಗಳಿಗೂ ಸಾಕಾಗುವಷ್ಟು ದೊಡ್ಡ ಮನೆಯನ್ನು ಕಡಲಿಗೆ ಎದುರಾಗಿ ಕಟ್ಟಿಸಿದರು. ಆ ಊರೇ ಬ್ರೈಟನ್.

ರಸೆಲ್ ಅವರ ಚಿಕಿತ್ಸೆಯಲ್ಲಿ ಇಂದಿನ ಅತಿಥಿಗೆ ಒಪ್ಪಿಗೆಯಾಗದ ಭಾಗವೂ ಇತ್ತು. ರೋಗಿಯು ಸಮುದ್ರದಲ್ಲಿ ಮುಳುಗಿದರೆ ಸಾಲದು, ಆ ನೀರನ್ನು ಕುಡಿಯಲೂ ಬೇಕು; ಅದೂ ಗುಟುಕಲ್ಲ, ಅರ್ಧ ಲೀಟರಿನಷ್ಟು! ಅದರ ಫಲವಾಗಿ ಹೊಟ್ಟೆ ಸ್ವಚ್ಛವಾಗುತ್ತಿತ್ತೆಂಬುದೇನೋ ನಿಜ. ಸಮುದ್ರದ 1 ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಷ್ಟು ಲವಣವನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದ ನೀರಿಗಿಂತಲೂ ಹೆಚ್ಚು ನೀರನ್ನು ದೇಹದಿಂದ ತೆಗೆಯಬೇಕಾಗುತ್ತದೆ. ದಾಹ ತೀರಿಸುವ ಬದಲು ದೇಹವನ್ನೇ ಒಣಗಿಸುವ ಈ ನೀರು ಔಷಧವಾಗಲಾರದೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ.

ಆದರೂ ರೋಗಿಗಳು ಬಂದರು. ಬಂದವರಲ್ಲಿ ಹಲವರು ಲವಲವಿಕೆಯಿಂದಲೇ ಹಿಂದಿರುಗಿದರು. ಅವರ ಸ್ನಾನದ ವಿಧಾನವನ್ನು ಗಮನಿಸಿದರೆ ಕಾರಣ ಸ್ವಲ್ಪ ಹೊಳೆಯುತ್ತದೆ. ಗಾಲಿಗಳ ಮೇಲೆ ನಿಲ್ಲಿಸಿದ ಮರದ ಗೂಡೊಂದರೊಳಗೆ ರೋಗಿಯು ಉಡುಪು ಬದಲಾಯಿಸುತ್ತಿರುವಾಗಲೇ ಅದನ್ನು ಕುದುರೆಯಿಂದ ನೀರಿನೊಳಕ್ಕೆ ಎಳೆಸುತ್ತಿದ್ದರು. ಕಡಲ ಕಡೆಯ ಬಾಗಿಲು ತೆರೆದಾಗ ಅಲ್ಲಿ ಗಟ್ಟಿಮುಟ್ಟಾದ ಸೇವಕಿಯೊಬ್ಬಳು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಿದ್ದಳು. ಅಳುಕುತ್ತ ಇಳಿದವರನ್ನು ಭದ್ರವಾಗಿ ಹಿಡಿದು, ಅಲೆ ಬಂದಾಗ ಮುಳುಗಿಸಿ, ಮತ್ತೆ ಎತ್ತಿ ನಿಲ್ಲಿಸುವುದು ಆಕೆಯ ವೃತ್ತಿ. ಈ ವೃತ್ತಿಯವರಲ್ಲಿ ಮಾರ್ಥಾ ಗನ್ ಎಂಬಾಕೆ ಬ್ರೈಟನ್ನಿನಲ್ಲಿ ಮನೆಮಾತಾಗಿದ್ದಳು. 1783ರಲ್ಲಿ ಯುವರಾಜ ಜಾರ್ಜ್ ಮೊದಲ ಬಾರಿಗೆ ಆ ಊರಿಗೆ ಬಂದನು. ಆತನಿಗೆ ಊರು ಎಷ್ಟು ಹಿಡಿಸಿತೆಂದರೆ, ಅಲ್ಲಿನ ಅವನ ಸಾಧಾರಣ ಮನೆಯು ಮುಂದೆ ಭಾರತೀಯ ಶೈಲಿಯ ಗುಮ್ಮಟಗಳುಳ್ಳ ಅರಮನೆಯಾಗಿ ಬೆಳೆಯಿತು. ಯುವರಾಜನು ಬಂದಲ್ಲಿಗೆ ಪ್ರಭುವರ್ಗ ಬಂದಿತು. ಪ್ರಭುವರ್ಗ ಬಂದಲ್ಲಿಗೆ ವ್ಯಾಪಾರವೂ ಬಂದಿತು. ಹೀಗೆ ಮೀನು ಮಾರುತ್ತಿದ್ದ ಊರು ಆರೋಗ್ಯವನ್ನು ಮಾರತೊಡಗಿತು.

ರಸೆಲ್ ಅವರು ತೀರಿಕೊಂಡುದು 1759ರಲ್ಲಿ. ಅದೇ ವರ್ಷ ಸಾವಿರಾರು ಮೈಲಿಗಳಾಚೆ ಪಾಟ್ನಾ ನಗರದಲ್ಲಿ ಒಂದು ಗಂಡುಮಗು ಹುಟ್ಟಿತು. ಬ್ರೈಟನ್ನಿನ ಕಥೆಯ ಮುಂದಿನ ಅಧ್ಯಾಯಕ್ಕೆ ನಾಯಕನಾದವನು ಅವನೇ: ದೀನ್ ಮಹಮ್ಮದ್.

ತಂದೆಯನ್ನು ಕಳೆದುಕೊಂಡ ಆ ಹುಡುಗನು ಹತ್ತು ಹನ್ನೊಂದರ ವಯಸ್ಸಿನಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೈನ್ಯದ ಶಿಬಿರವನ್ನು ಸೇರಿದನು. ಅಲ್ಲಿ ಬೇಕರ್ ಎಂಬ ಅಧಿಕಾರಿಯ ಆಶ್ರಯ ದೊರೆಯಿತು. ಬೇಕರ್ ಸ್ವದೇಶಕ್ಕೆ ಮರಳಿದಾಗ ಅವನೊಡನೆ ಮಹಮ್ಮದನೂ ಹೊರಟು 1784ರಲ್ಲಿ ಐರ್ಲೆಂಡಿನ ಕಾರ್ಕ್ ನಗರವನ್ನು ತಲಪಿದನು. ಅಲ್ಲಿಯೇ ಜೇನ್ ಡೇಲಿ ಎಂಬ ಕನ್ಯೆಯನ್ನು ಮದುವೆಯಾದನು. 1794ರಲ್ಲಿ ತನ್ನ ಪ್ರವಾಸಗಳ ವೃತ್ತಾಂತವನ್ನು ಅಚ್ಚುಮಾಡಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂಬ ಗೌರವ ಅದಕ್ಕೆ ಸಂದಿದೆ. ಆಮೇಲೆ ಲಂಡನ್ನಿಗೆ ಬಂದು 1810ರಲ್ಲಿ ‘ಹಿಂದೂಸ್ತಾನೀ ಕಾಫಿ ಹೌಸ್’ ತೆರೆದನು. ಹೆಸರಿನಲ್ಲಿ ಕಾಫಿಯಿದ್ದರೂ ಅಲ್ಲಿನ ಆಕರ್ಷಣೆ ಭಾರತೀಯ ಅಡುಗೆ ಮತ್ತು ಹುಕ್ಕ. ಆದರೆ ಗಿರಾಕಿಗಳಿಗಿಂತ ಖರ್ಚು ಹೆಚ್ಚಾಗಿ 1812ರಲ್ಲಿ ಆತನು ದಿವಾಳಿಯಾದನು. ವಯಸ್ಸು ಐವತ್ತು ದಾಟಿತ್ತು, ಕೈಯಲ್ಲಿ ಹಣವಿರಲಿಲ್ಲ, ಸಾಕಬೇಕಾದ ಸಂಸಾರವಿತ್ತು.

ಬೇರೊಬ್ಬನಾಗಿದ್ದರೆ ಅಲ್ಲಿಗೆ ಕುಗ್ಗಿಹೋಗುತ್ತಿದ್ದನೋ ಏನೋ. ಮಹಮ್ಮದನು 1814ರಲ್ಲಿ ಹೆಂಡತಿಯೊಡನೆ ಬ್ರೈಟನ್ನಿಗೆ ಬಂದನು. ಕಡಲಿನ ತಣ್ಣೀರಿನಲ್ಲಿ ನಡುಗುತ್ತಿದ್ದ ರೋಗಿಗಳನ್ನು ಕಂಡು, ತನ್ನ ನಾಡಿನ ಬೆಚ್ಚನೆಯ ಆರೈಕೆಯನ್ನು ಅವರ ಮುಂದಿಟ್ಟನು. ಅಂಗಗಳನ್ನು ಒತ್ತಿ ನೀವುವುದಕ್ಕೆ ಹಿಂದಿಯಲ್ಲಿ ‘ಚಾಂಪನಾ’ ಎನ್ನುತ್ತಾರೆ. ಆ ಮಾತೇ ಇಂಗ್ಲಿಷರ ಬಾಯಲ್ಲಿ ‘ಶಾಂಪೂ’ ಆಗಿತ್ತು. ಇಂದು ಬಚ್ಚಲುಮನೆಯ ಬಾಟಲಿಗೆ ಅಂಟಿಕೊಂಡಿರುವ ಈ ಪದವು ಅಂದು ತಲೆಗೂದಲಿಗಲ್ಲ, ಮೈಕೈಗೆ ಸಂಬಂಧಿಸಿದ್ದು.

ಆತನ ವಿಧಾನ ಹೀಗಿತ್ತು: ರೋಗಿಯನ್ನು ಮೂಲಿಕೆಗಳ ಹಬೆಯಲ್ಲಿ ಚೆನ್ನಾಗಿ ಬೆವರುವಂತೆ ಕೂರಿಸುವುದು. ಸುತ್ತಲೂ ಫ್ಲಾನೆಲ್ ಬಟ್ಟೆಯ ಗುಡಾರ. ಆ ಗುಡಾರದ ಗೋಡೆಗೆ ಅಂಗಿಯಂತೆ ತೋಳುಗಳನ್ನು ಹೊಲಿದಿರುತ್ತಿದ್ದರು. ನೀವುವವನು ಹೊರಗೆ ನಿಂತು, ಆ ತೋಳುಗಳಲ್ಲಿ ಕೈತೂರಿಸಿ, ಒಳಗಿದ್ದವರ ಮೈಯನ್ನು ಒತ್ತುತ್ತಿದ್ದನು. ಒಳಗಿದ್ದ ಪ್ರಭುವಿಗೆ ಕಾಣುತ್ತಿದ್ದುದು ಕೈಗಳು ಮಾತ್ರ. ಮಹಿಳೆಯರ ವಿಭಾಗವನ್ನು ಜೇನ್ ನೋಡಿಕೊಳ್ಳುತ್ತಿದ್ದಳು.

ಮೊದಮೊದಲು ಗೇಲಿ ಮಾಡಿದವರಿಗೆ ಕೊರತೆಯಿರಲಿಲ್ಲ. ಆದರೆ ನೋವು ಕಡಮೆಯಾದವರು ಸುಮ್ಮನಿರುತ್ತಾರೆಯೆ? ಮಾತು ಹಬ್ಬಿತು. 1821ರ ಹೊತ್ತಿಗೆ ಕಡಲಿಗೆ ಎದುರಾಗಿ ‘ಮಹಮ್ಮದನ ಸ್ನಾನಗೃಹ’ ಭವ್ಯವಾಗಿ ಎದ್ದು ನಿಂತಿತು. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಹರಕೆ ತೀರಿಸಿದವರ ಕಾಣಿಕೆಗಳನ್ನು ದೇವಾಲಯದಲ್ಲಿ ತೂಗುಹಾಕಿದಂತೆ! ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ, ಇಬ್ಬರು ರಾಜರೂ ಆತನಿಗೆ ರಾಜಸೇವೆಯ ಪದವಿಯನ್ನು ಕೊಟ್ಟರು. ಆತನು ತನ್ನ ಚಿಕಿತ್ಸೆಯ ಬಗ್ಗೆ ಗ್ರಂಥವನ್ನೂ ಬರೆದನು. ಅನುಭವ ಹೆಚ್ಚಿದ್ದಂತೆ ತೋರಲೆಂದೋ ಏನೋ, ಅದರಲ್ಲಿ ತಾನು ಹುಟ್ಟಿದ್ದು 1749ರಲ್ಲಿ ಎಂದು ಹೇಳಿ ವಯಸ್ಸಿಗೆ ಹತ್ತು ವರ್ಷ ಸೇರಿಸಿಕೊಂಡನು. ಆರೋಗ್ಯದ ವ್ಯಾಪಾರದಲ್ಲಿ ಜಾಹೀರಾತಿನ ಚಾತುರ್ಯವು ಇಂದಿನದಲ್ಲವೆಂಬುದಕ್ಕೆ ಇಷ್ಟು ಸಾಕು.

ಮಹಮ್ಮದನ ಮೂಲಿಕೆಗಳಿಗೆ ಆತನು ಹೇಳಿದ ಶಕ್ತಿಯೆಲ್ಲ ಇತ್ತೆಂದು ನಂಬಬೇಕಾಗಿಲ್ಲ. ಹಾಗೆಂದು ಆ ಊರುಗೋಲುಗಳೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ಸಲ್ಲ. ಶಾಖದಿಂದ ಬಿಗಿದ ಸ್ನಾಯುಗಳು ಸಡಿಲುತ್ತವೆ. ಹದವರಿತ ಕೈ ನೀವಿದರೆ ನೋವೂ ಮನಸ್ಸಿನ ಕಳವಳವೂ ಸ್ವಲ್ಪ ಕಾಲವಾದರೂ ತಗ್ಗುತ್ತವೆ. ನೀರಿನಲ್ಲಿ ದೇಹದ ಭಾರ ಕಡಮೆಯಾದಂತಾಗುವುದರಿಂದ ಸವೆದ ಕೀಲುಗಳನ್ನು ಆಡಿಸುವುದು ಸುಲಭವಾಗುತ್ತದೆ. ಇವು ಇಂದಿನ ವೈದ್ಯರೂ ಒಪ್ಪುವ ಸಂಗತಿಗಳು. ಅವರು ಒಪ್ಪದಿರುವುದು, ಕಡಲ ನೀರಿನ ಲವಣಗಳು ಚರ್ಮದ ಮೂಲಕ ಒಳಹೊಕ್ಕು ಸಕಲ ರೋಗಗಳನ್ನೂ ತೊಳೆಯುತ್ತವೆಂಬ ಮಾತನ್ನು.

ಇಪ್ಪತ್ತನೆಯ ಶತಮಾನದಲ್ಲಿಯೂ ಈ ಕಥೆ ಮುಂದುವರಿಯಿತು. ಫ್ರಾನ್ಸಿನ ಲೂಯಿಸೋನ್ ಬೋಬೆ 1953, 1954 ಮತ್ತು 1955ರಲ್ಲಿ ಸತತವಾಗಿ ಮೂರು ಬಾರಿ ‘ಟೂರ್ ಡಿ ಫ್ರಾನ್ಸ್’ ಸೈಕಲ್ ಪಂದ್ಯವನ್ನು ಗೆದ್ದ ವೀರ. 1961ರಲ್ಲಿ ಮೋಟಾರು ಅಪಘಾತದಲ್ಲಿ ಆತನ ಕಾಲಿಗೆ ತೀವ್ರ ಪೆಟ್ಟಾಯಿತು. ಬ್ರಿಟನಿ ಪ್ರಾಂತದ ರಾಸ್ಕಾಫ್ ಎಂಬ ಕಡಲೂರಿನಲ್ಲಿ ಬೆಚ್ಚಗೆ ಕಾಯಿಸಿದ ಸಮುದ್ರದ ನೀರಿನಿಂದ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಆತನು, 1964ರಲ್ಲಿ ಕೀಬ್ರಾನ್ ಎಂಬಲ್ಲಿ ಅಂಥದೇ ಕೇಂದ್ರವನ್ನು ತಾನೇ ತೆರೆದನು. ಹಳೆಯ ಚಿಕಿತ್ಸಾಲಯಕ್ಕೆ ಹೋಟೆಲಿನ ಸೌಕರ್ಯ ಕೂಡಿತು. ಕಾಯಿಲೆಯವರಷ್ಟೇ ಅಲ್ಲ, ಬರಿಯ ದಣಿದವರೂ ಬರತೊಡಗಿದರು. ಇಂದಿನ ಕಡಲ ತಡಿಯ ಸ್ಪಾಗಳಿಗೆ ಅದೂ ಒಂದು ಮಾದರಿ.

ಈಗ ಗೃಹಿಣಿಯ ಪ್ರಶ್ನೆಗೆ ಮರಳಬಹುದು. ರಸೆಲ್ ಅವರ ಉಪ್ಪುನೀರು, ಮಹಮ್ಮದನ ಹಬೆ, ಬೋಬೆಯ ಬಿಸಿನೀರಿನ ತೊಟ್ಟಿ, ಇಂದಿನ ವಿಹಾರಧಾಮದ ಎಣ್ಣೆ: ದ್ರವ್ಯಗಳು ಬದಲಾಗಿವೆ, ಬದಲಾಗದೆ ಉಳಿದಿರುವುವು ಎರಡೇ. ಒಂದು, ಮನೆಯ ಹೊಣೆಯಿಂದ ಕೆಲವು ದಿನಗಳ ಬಿಡುವು. ಇನ್ನೊಂದು, ಆರೈಕೆ ಮಾಡುವ ಒಂದು ಜೊತೆ ಕೈ. ಅತಿಥಿಯು ತೆರುವ ಹಣವು ಹೆಸರಿಗೆ ಕಡಲಿನದು. ವಾಸ್ತವವಾಗಿ ಅದು ಈ ಎರಡರ ಬೆಲೆ.

ಈ ಎರಡರಲ್ಲಿ ಎರಡನೆಯದು ನಮ್ಮ ಮನೆಗಳಿಗೆ ಹೊಸದಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ವು ಅಭ್ಯಂಗವನ್ನು ದಿನಚರಿಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆಯೊತ್ತಬೇಕೆಂದು ವಿಧಿಸುತ್ತದೆ. ದೀಪಾವಳಿಯ ಹಿಂದಿನ ಸಂಜೆ ಹಂಡೆ ತೊಳೆದು ನೀರು ತುಂಬುವುದು, ನರಕಚತುರ್ದಶಿಯ ನಸುಕಿನಲ್ಲಿ ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ ಎಣ್ಣೆಯೊತ್ತಿ, ಸೀಗೆಪುಡಿಯಿಂದ ತಿಕ್ಕಿ, ಬಿಸಿನೀರು ಹೊಯ್ಯುವುದು: ವಿಹಾರಧಾಮವು ಸಾವಿರಾರು ರೂಪಾಯಿಗಳಿಗೆ ಕೊಡುವ ಆರೈಕೆಯು ಆ ಬಚ್ಚಲಿನ ಹೊಗೆಯಲ್ಲಿಯೇ ಇತ್ತು. ಬಾಣಂತಿಗೂ ಕೂಸಿಗೂ ಎರೆಯುವ ಅಜ್ಜಿಯ ಅಂಗೈಗೆ ಯಾವ ಪದವಿಪತ್ರವೂ ಬೇಕಾಗಿರಲಿಲ್ಲ.

ಆದರೆ ಇಲ್ಲಿಯೇ ಒಂದು ಮಾತನ್ನು ಯೋಚಿಸಬೇಕು. ಹಬ್ಬದ ದಿನ ಎಲ್ಲರಿಗೂ ಎಣ್ಣೆಯೊತ್ತಿದವಳಿಗೆ ಎಣ್ಣೆಯೊತ್ತಿದವರು ಯಾರು? ಬಹುಪಾಲು ಮನೆಗಳಲ್ಲಿ ಆಕೆಯು ಎಲ್ಲರ ಸ್ನಾನ ಮುಗಿದ ಮೇಲೆ, ಹಂಡೆಯ ತಳದಲ್ಲಿ ಉಳಿದ ನೀರಿನಲ್ಲಿ ತಾನೇ ಮಿಂದು, ಅಡುಗೆಮನೆಗೆ ಧಾವಿಸುತ್ತಿದ್ದಳು. ‘ನಮ್ಮ ಹಿರಿಯರಲ್ಲಿ ಎಲ್ಲವೂ ಇತ್ತು, ಈ ಸ್ಪಾಗಳ ಹುಚ್ಚು ಏತಕ್ಕೆ?’ ಎಂದು ಹಳಿಯುವವರು ಈ ಒಂದು ಲೆಕ್ಕವನ್ನು ಮರೆತಿರುತ್ತಾರೆ. ಮನೆಯು ಕೊಡುತ್ತಿದ್ದ ಆರೈಕೆ ದೊಡ್ಡದು, ನಿಜ. ಬಿಡುವನ್ನು ಮಾತ್ರ ಅದು ಎಲ್ಲರಿಗೂ ಕೊಡಲಿಲ್ಲ. ಇಂದು ಕಡಲ ತಡಿಯ ವಿಹಾರಧಾಮದಲ್ಲಿ ಎರಡು ದಿನ ಕಳೆದು ಬಂದ ಗೃಹಿಣಿಯು ಕಡಲಿಗಿಂತ ಮೊದಲು ನೆನೆಯುವುದು ಬೇರೆಯವರು ಬಡಿಸಿದ ಊಟವನ್ನಾದರೆ, ಅದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ಅನುಕೂಲವುಳ್ಳವರು ಹೋಗಿಬರುವುದರಲ್ಲಿ ದೋಷವೇನೂ ಇಲ್ಲ. ಆದರೆ ಏನನ್ನು ಕೊಳ್ಳುತ್ತಿದ್ದೇವೆಂಬುದನ್ನು ತಿಳಿದು ಕೊಳ್ಳಬೇಕು. ರೋಗ ವಾಸಿಯಾಗುವುದೆಂಬ ಭರವಸೆಗೆ ಹಣ ಸುರಿಯುವುದು ಬೇಡ. ವೈದ್ಯರು ಕೊಟ್ಟ ಮಾತ್ರೆಗಳನ್ನು ಅಲ್ಲಿ ನಿಲ್ಲಿಸುವುದಂತೂ ಸರ್ವಥಾ ಬೇಡ. ಹೃದ್ರೋಗವಿರುವವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು ಹಬೆಗೂ ಅಂಗಮರ್ದನಕ್ಕೂ ಮುಂಚೆ ತಮ್ಮ ವೈದ್ಯರನ್ನು ಕೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲು ಮುನಿದಿರುತ್ತದೆ. ಆಗ ಅದು ದಡದಲ್ಲಿ ಕುಳಿತು ನೋಡುವುದಕ್ಕೇ ಹೊರತು ಇಳಿಯುವುದಕ್ಕಲ್ಲ. ಇನ್ನು, ಕಚೇರಿಯ ಕರೆಗಳನ್ನು ಕಿವಿಗೆ ಹಚ್ಚಿಕೊಂಡೇ ಎಣ್ಣೆಯ ಮಣೆಯ ಮೇಲೆ ಮಲಗುವವರು ತೆತ್ತ ಹಣದ ಅರ್ಧಭಾಗವನ್ನು ತಾವಾಗಿಯೇ ಕಡಲಿಗೆ ಎಸೆದಂತೆ.

ಇನ್ನೊಂದು ಕಿವಿಮಾತು ಆ ಕೈಗಳ ವಿಚಾರ. ಅತಿಥಿಗೆ ಅದು ವಿರಾಮದ ಗಂಟೆ. ಎಣ್ಣೆಯೊತ್ತುವವರಿಗೆ ಅದು ದುಡಿಮೆಯ ಗಂಟೆ. ಊರು ಬಿಟ್ಟು ಬಂದು ದುಡಿಯುವವರು ಅವರಲ್ಲಿ ಹಲವರು. ಅವರ ಹೆಸರು ಕೇಳುವುದಕ್ಕೂ, ಹೊರಡುವಾಗ ಮುಖ ನೋಡಿ ಒಂದು ಒಳ್ಳೆಯ ಮಾತಾಡುವುದಕ್ಕೂ ದರದ ಪಟ್ಟಿಯಲ್ಲಿ ಶುಲ್ಕವಿಲ್ಲ. ಮಹಮ್ಮದನ ಗುಡಾರದಲ್ಲಿ ನೀವುವವನ ಮುಖ ಕಾಣದಿರುವುದಕ್ಕೆ ಬಟ್ಟೆಯ ಗೋಡೆ ಕಾರಣವಾಗಿತ್ತು. ಈಗ ಅಂಥ ಗೋಡೆಯೇನೂ ಇಲ್ಲ.

ರಾಜರ ಮೈ ಹಗುರಮಾಡಿದ ಆ ಪಾಟ್ನಾದವನ ಕೊನೆಯ ದಿನಗಳು ಅಷ್ಟೇನೂ ಹಗುರವಾಗಿರಲಿಲ್ಲ. 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂದು ಜನಸಾಮಾನ್ಯರ ದಂಡೇ ಇಳಿಯತೊಡಗಿತು. ವಿಕ್ಟೋರಿಯಾ ರಾಣಿಗೆ ಆ ಊರಿನ ಗದ್ದಲ ಸೇರಲಿಲ್ಲ. 1850ರಲ್ಲಿ ಅಲ್ಲಿನ ಅರಮನೆಯನ್ನು ಪುರಸಭೆಗೇ ಮಾರಲಾಯಿತು. ಅಷ್ಟರಲ್ಲಿಯೇ ಮಹಮ್ಮದನ ಭವ್ಯ ಸ್ನಾನಗೃಹವೂ ಅವನ ಕೈತಪ್ಪಿತ್ತು. 1851ರ ಫೆಬ್ರವರಿಯಲ್ಲಿ ಆತನು ಬ್ರೈಟನ್ನಿನಲ್ಲಿಯೇ ಕಣ್ಮುಚ್ಚಿದನು. ಆದರೆ ವಂಶ ಆ ವಿದ್ಯೆಯನ್ನು ಬೇರೊಂದು ಎತ್ತರಕ್ಕೆ ಒಯ್ದಿತು. ಆತನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯರಾದರು. ನಾಡಿಯ ಮಿಡಿತವನ್ನು ಕಾಗದದ ಮೇಲೆ ಬರೆಯುವ ಉಪಕರಣವನ್ನು ಸುಧಾರಿಸಿ, ಮೂತ್ರಪಿಂಡದ ರೋಗವಿಲ್ಲದವರಲ್ಲಿಯೂ ರಕ್ತದೊತ್ತಡ ಏರಿರಬಹುದೆಂಬುದನ್ನು ಮೊದಲಾಗಿ ತೋರಿಸಿಕೊಟ್ಟವರಲ್ಲಿ ಅವರು ಪ್ರಮುಖರು. 1884ರಲ್ಲಿ, ಇನ್ನೂ ಮೂವತ್ತೈದರ ಹರೆಯದಲ್ಲಿ, ವಿಷಮಜ್ವರದಿಂದ ತೀರಿಕೊಂಡರು. ಇಂದು ಯಾವ ವಿಹಾರಧಾಮದ ಪ್ರಶ್ನಾವಳಿಯಲ್ಲಾದರೂ ‘ರಕ್ತದೊತ್ತಡ’ ಎಂಬ ಪದ ಕಂಡರೆ, ಅದರ ಹಿಂದೆ ಅಜ್ಜನ ಅಂಗೈಯೂ ಮೊಮ್ಮಗನ ಅರಿವೂ ಇವೆಯೆಂದು ನೆನೆಯಬಹುದು.

ಬ್ರೈಟನ್ನಿನ ಸಂತ ನಿಕೊಲಸ್ ಇಗರ್ಜಿಯ ಅಂಗಳದಲ್ಲಿ ದೀನ್ ಮಹಮ್ಮದನ ಸಮಾಧಿಯಿದೆ. ಅದೇ ಅಂಗಳದಲ್ಲಿ ಮಾರ್ಥಾ ಗನ್ನಳ ಸಮಾಧಿಯೂ ಇದೆ. ಅಲೆಗಳ ನಡುವೆ ನಿಂತು ಅಂಜುವವರನ್ನು ಹಿಡಿದೆತ್ತಿದವಳು ಒಬ್ಬಳು; ಹಬೆಯ ಗುಡಾರದೊಳಕ್ಕೆ ಕೈಚಾಚಿ ನೋವನ್ನು ತಡವಿದವನು ಇನ್ನೊಬ್ಬ. ಲಕ್ಷಾಂತರ ಜನರ ವಿಹಾರಕ್ಕೆ ಕಾರಣವಾದ ಆ ಕಡಲೂರಿನಲ್ಲಿ, ಬೇರೆಯವರಿಗೆ ವಿಶ್ರಾಂತಿ ಕೊಟ್ಟ ಆ ಇಬ್ಬರಿಗೂ ವಿಶ್ರಾಂತಿ ದೊರೆತುದು ಅಲ್ಲಿಯೇ. ಮನೆಯಲ್ಲಿ ಹಗಲಿಡೀ ನಿಂತು ದುಡಿಯುವ ಕೈಗಳಿಗಾದರೂ ಅಷ್ಟು ಕಾಲ ಕಾಯುವ ಗತಿ ಬಾರದಿರಲಿ. ಅದಕ್ಕೆ ಕಡಲೇ ಬೇಕೆಂದಿಲ್ಲ; ಈ ಬಾರಿಯ ದೀಪಾವಳಿಯಲ್ಲಿ ಮೊದಲ ಬಿಸಿನೀರು ಯಾರಿಗೆಂಬುದನ್ನು ಬದಲಾಯಿಸಿದರೂ ಸಾಕು.